ಪರದೆ ಹಾಕದ ಊರಿನಲ್ಲಿ ಲಲಿತಳ ಹೆಸರು

ಹೊರಡುವ ಮುಂಚೆ

ಹಾಲೆಂಡಿಗೆ ಹೋಗಿ ಬಂದವರು ಟ್ಯೂಲಿಪ್ ಹೂವಿನ ಫೋಟೋ ತೋರಿಸುವುದು ವಾಡಿಕೆ. ನನ್ನ ಹತ್ತಿರ ಅಂಥದ್ದು ಒಂದೂ ಇಲ್ಲ. ನಾನು ಹೋದದ್ದು ನವೆಂಬರಿನಲ್ಲಿ. ಆಗ ಅಲ್ಲಿ ಹೂವೂ ಇಲ್ಲ, ಬಿಸಿಲೂ ಇಲ್ಲ. ಇದ್ದದ್ದು ಮೋಡ, ಸೈಕಲ್ಲು ಮತ್ತು ಒಂದು ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರ. ಅಲ್ಲಿ ಕಳೆದ ಒಂದು ವಾರದ ವಿಷಯವನ್ನು ಇಷ್ಟು ವರ್ಷ ನಾನು ಮನೆಯವರ ಹೊರತು ಯಾರಿಗೂ ಹೇಳಿರಲಿಲ್ಲ. ಈಗ ಬರೆಯಬಹುದು ಎಂದು ಒಪ್ಪಿಗೆ ಕೊಡಬೇಕಾದವರೇ ಕೊಟ್ಟಿದ್ದಾರೆ. ಆದರೂ ಇಲ್ಲಿ ಬರುವ ಹೆಸರುಗಳನ್ನೆಲ್ಲ ಬದಲಿಸಿದ್ದೇನೆ. ಹಳ್ಳಿಯ ಹೆಸರನ್ನಂತೂ ಬರೆಯುವುದೇ ಇಲ್ಲ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಈ ಮೂರು ತಾಲೂಕುಗಳ ನಡುವೆ ಎಲ್ಲೋ ಒಂದು ಕಡೆ ಎಂದಿಟ್ಟುಕೊಳ್ಳಿ.

ನಮ್ಮ ಕಾಡಿನಲ್ಲಿ ಎರಡು ಬಗೆಯ ಜನ ಬಂದೂಕು ಹಿಡಿದು ತಿರುಗುತ್ತಿದ್ದ ಕಾಲ ಅದು. ನಕ್ಸಲರು ಎಂದಾಗಲಿ ಪೊಲೀಸರು ಎಂದಾಗಲಿ ಬಸ್ಸಿನಲ್ಲಿ, ಅಂಗಡಿಯಲ್ಲಿ ಯಾರೂ ಹೇಳುತ್ತಿರಲಿಲ್ಲ. ಕಾಡಿನೊಳಗಿನವರು 'ಅವರು', ಜೀಪಿನಲ್ಲಿ ಬರುವವರು 'ಇವರು'. "ನಿನ್ನೆ ಅವರು ಬಂದಿದ್ರಂತೆ, ಇವತ್ತು ಇವರು ಬಂದಿದಾರೆ" ಎಂದರೆ ಸುದ್ದಿ ಮುಗಿಯಿತು. ಕೇಳಿದವರು ಎಲೆಯಡಿಕೆ ಉಗಿದು ಬೇರೆ ಮಾತು ತೆಗೆಯುತ್ತಿದ್ದರು.

ಅಂಥ ಹೊತ್ತಿನಲ್ಲಿ ಮರೈಕೆ ಎಂಬ ಡಚ್ ಹುಡುಗಿ ಕೊಪ್ಪಕ್ಕೆ ಬಂದಳು. ಮಾಧ್ಯಮ, ರಾಜಕಾರಣ, ಸಾರ್ವಜನಿಕ ಮಾಹಿತಿ ಇವುಗಳನ್ನು ಅಧ್ಯಯನ ಮಾಡುವ ಕೇಂದ್ರವೊಂದರಲ್ಲಿ ಅವಳು ಸಂಶೋಧಕಿ. ಸರ್ಕಾರ ಒಂದು ಹೇಳುತ್ತದೆ, ಕಾಡಿನವರು ಕರಪತ್ರ ಅಂಟಿಸಿ ಇನ್ನೊಂದು ಹೇಳುತ್ತಾರೆ, ಪತ್ರಿಕೆಗಳು ಮೂರನೆಯದನ್ನು ಬರೆಯುತ್ತವೆ. ಹಾಗಾದರೆ ರಸ್ತೆ ಮುಗಿಯುವಲ್ಲಿ ಇರುವ ಮನೆಯವರು ನಿಜ ಯಾವುದೆಂದು ಹೇಗೆ ತಿಳಿಯುತ್ತಾರೆ? ಇದು ಅವಳ ಪ್ರಶ್ನೆ. ನಾನು ಪದವಿಪೂರ್ವ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುವವಳು. ಬೇರೆ ಯಾರೂ ಒಪ್ಪದ ಕಾರಣ ದುಭಾಷಿಯಾಗಿ ಅವಳ ಜೊತೆ ತಿರುಗಿದೆ. ನನಗೆ ಧೈರ್ಯ ಜಾಸ್ತಿ ಎಂದಲ್ಲ, ಕುತೂಹಲ ಜಾಸ್ತಿ.

ಹಾಗೆ ತಿರುಗುತ್ತ ಸುಶೀಲತ್ತಿಗೆಯ ಮನೆಗೆ ಹೋದೆವು. ನಮ್ಮ ಮನೆಯವರ ಕಡೆಯಿಂದ ದೂರದ ಸಂಬಂಧ, ಅದಕ್ಕೆ ಅತ್ತಿಗೆ. ಮೋರಿ ಕುಸಿದ ರಸ್ತೆಯ ಕೊನೆಗೆ, ಹಳ್ಳದ ಆಚೆ, ಅಲ್ಲಿ ಇರುವುದು ಎರಡೇ ಮನೆ. ಮೇಲಿನದರಲ್ಲಿ ಅತ್ತಿಗೆ ಮತ್ತು ಲಕ್ವ ಹೊಡೆದು ಹಾಸಿಗೆ ಹಿಡಿದ ಅವರ ಗಂಡ. ಕೆಳಗಿನದರಲ್ಲಿ ಲಲಿತ, ಅವಳ ಸಣ್ಣ ಮಗಳು, ಮತ್ತು ಬಾಳೆಹೊನ್ನೂರಿನಲ್ಲಿ ಜೀಪು ಓಡಿಸುವ ಅವಳ ಗಂಡ.

ಅತ್ತಿಗೆ ಮರೈಕೆಯ ಟೇಪಿನ ಮುಂದೆ ಹೇಳಿದ್ದನ್ನು ನಾನು ಈಗಲೂ ಮರೆತಿಲ್ಲ.

"ಒಂದು ಸಂಜೆ ಅವರು ಬಂದ್ರು, ಅನ್ನ ಕೇಳಿದ್ರು. ಹಾಕಿದೆ. ಮಾರನೆ ದಿನ ಇವರು ಬಂದ್ರು, ಯಾವ ಕಡೆ ಹೋದ್ರು ಅಂತ ಕೇಳಿದ್ರು. ಕೈ ತೋರ್ಸಿದೆ. ಎಲ್ಲಿಂದಲೋ ಬಂದ ತುಕಡಿ ಅದು, ಮನೆ ಯಾರದ್ದು ಅಂತಾನೂ ಕೇಳ್ಲಿಲ್ಲ. ಆಮೇಲೆ ಆ ದಿಕ್ಕಲ್ಲಿ ಗುಂಡಿನ ಸದ್ದು ಕೇಳ್ತು. ಯಾರಿಗೆ ಎಂತ ಆಯ್ತೋ ಗೊತ್ತಿಲ್ಲ. ಹಸಿದವರಿಗೆ ಇಲ್ಲ ಅನ್ನಕ್ಕೆ ಆಗ್ತದಾ? ಕೇಳಿದವರಿಗೆ ಸುಳ್ಳು ಹೇಳಕ್ಕೆ ಬರ್ತದಾ ನಂಗೆ?"

ಈ ಮಾತಿನ ಮೊದಲ ಅರ್ಧ ಪೊಲೀಸರಿಗೆ ತಿಳಿದರೆ ಠಾಣೆ. ಎರಡನೆಯ ಅರ್ಧ ಕಾಡಿನವರಿಗೆ ತಿಳಿದರೆ ಏನಾಗುತ್ತಿತ್ತು ಎಂಬುದು ಆ ಕಾಲದಲ್ಲಿ ನಮ್ಮ ಕಡೆಯ ಎಲ್ಲರಿಗೂ ಗೊತ್ತಿತ್ತು. ಹೆಸರನ್ನು ಖಂಡಿತ ಬದಲಿಸುತ್ತೇವೆ ಎಂದು ಮರೈಕೆ ಅತ್ತಿಗೆಯ ಕೈ ಹಿಡಿದು ಹೇಳಿದಳು.

ಇಳಿದು ಬರುವಾಗ ಕೆಳಮನೆಯ ಅಂಗಳದಲ್ಲಿ ಲಲಿತ ಅಡಿಕೆ ಹರವುತ್ತಿದ್ದಳು. ನಾವು ನಿಂತದ್ದೇ ತಡ, ಎರಡೂ ಕೈ ಎತ್ತಿದಳು. "ನಂಗೆ ಎಂತದೂ ಗೊತ್ತಿಲ್ಲ ಮೇಡಂ. ಗೊತ್ತಿದ್ರೂ ಗೊತ್ತಿಲ್ಲ. ನನ್ನ ಹೆಸರೂ ಕೇಳದು ಬೇಡ ಆಯ್ತಾ?" ಎಂದು ನಕ್ಕಳು. ನಾನದನ್ನು ಮರೈಕೆಗೆ ಹೇಳಿದೆ. ಅವಳು ಗೌರವದಿಂದ ತಲೆಬಾಗಿ, ಹೆಸರು ಕೇಳದೆಯೇ ಮುಂದೆ ನಡೆದಳು.

ಅದಾಗಿ ಒಂದು ವರ್ಷಕ್ಕೆ ಕೇಂದ್ರದಿಂದ ಆಹ್ವಾನ ಬಂತು. ವರದಿ ಸಿದ್ಧವಾಗಿದೆ, ಅನುವಾದವನ್ನು ಕೊನೆಯ ಸಲ ನೋಡಿಕೊಡಬೇಕು, ಶುಕ್ರವಾರದ ಬಿಡುಗಡೆ ಸಭೆಯಲ್ಲಿ ಮಲೆನಾಡಿನ ಒಬ್ಬ ಹೆಂಗಸಿನ ಮಾತನ್ನು ಕನ್ನಡದಲ್ಲೇ ಓದಬೇಕು ಎಂದು.

ಇಳಿದದ್ದು

ನನ್ನ ಸೂಟ್‌ಕೇಸಿನಲ್ಲಿ ಮರೈಕೆಗೆಂದು ಇಟ್ಟಿದ್ದ ಮಿಡಿ ಉಪ್ಪಿನಕಾಯಿಯ ಬಾಟಲಿ ವಿಮಾನದಲ್ಲೇ ಸೋರಿತ್ತು. ವಿಮಾನ ನಿಲ್ದಾಣದ ನಾಯಿಯೊಂದು ನನ್ನ ಸಾಮಾನನ್ನು ಮೂಸಿ, ಎರಡು ಹೆಜ್ಜೆ ಹಿಂದೆ ಸರಿದು ಸೀನಿತು. ಅಧಿಕಾರಿ ಮುಚ್ಚಳ ತೆಗೆದು ತಾನೂ ಮೂಸಿದ. "ಇದು ತಿನ್ನುವ ವಸ್ತುವೇ?" ಎಂದು ಕೇಳಿದ. ಹೌದು ಎಂದೆ. ನಂಬಲಿಲ್ಲ. ನಾನು ಒಂದು ಮಿಡಿಯನ್ನು ಅವನೆದುರೇ ಕಚ್ಚಿ ತೋರಿಸಬೇಕಾಯಿತು. ಸಭೆಗೆಂದು ಇಟ್ಟಿದ್ದ ರೇಷ್ಮೆ ಸೀರೆಗೆ ಸಾಸಿವೆಯ ವಾಸನೆ ಹಿಡಿದು ಕೊನೆಯವರೆಗೂ ಹೋಗಲಿಲ್ಲ.

ಕರೆದೊಯ್ಯಲು ಮರೈಕೆ ಬಂದಿದ್ದಳು. "ಊಟ ಆಯ್ತಾ?" ಎಂದು ಕೊಪ್ಪದಲ್ಲಿ ಕಲಿತ ಕನ್ನಡದಲ್ಲೇ ಕೇಳಿದಳು. ಅವಳ ಮನೆಗೆ ರೈಲು ನಿಲ್ದಾಣದಿಂದ ನಡೆದೇ ಹೋದೆವು. ಆಗಲೇ ಕತ್ತಲಾಗುತ್ತಿತ್ತು. ಆ ಬೀದಿಯ ಉದ್ದಕ್ಕೂ ಒಂದು ಕಿಟಕಿಗೂ ಪರದೆ ಇರಲಿಲ್ಲ. ದೀಪ ಹಾಕಿದ ಮನೆಗಳ ಒಳಗೆ ಜನ ಕೂತು ಆಲೂಗಡ್ಡೆ ತಿನ್ನುವುದು, ಗಂಡ ಹೆಂಡತಿ ಮಾತಿಲ್ಲದೆ ಟಿವಿ ನೋಡುವುದು, ಮುದುಕನೊಬ್ಬ ಕಾಲಿನ ಉಗುರು ಕತ್ತರಿಸುವುದು ಎಲ್ಲ ಬೀದಿಗೆ ಕಾಣುತ್ತಿತ್ತು. ನಾನು ನಾಚಿಕೆಯಿಂದ ನೆಲ ನೋಡುತ್ತ ನಡೆದೆ, ಮತ್ತು ನಾಚಿಕೆ ಬಿಟ್ಟು ಆಗಾಗ ಇಣುಕಿದೆ.

"ಪರದೆ ಯಾಕೆ ಹಾಕುವುದಿಲ್ಲ?" ಎಂದು ಕೇಳಿದೆ.

"ಮುಚ್ಚಿಡುವಂಥದ್ದು ಏನಿದೆ?" ಎಂದಳು ಮರೈಕೆ. "ಪರದೆ ಹಾಕಿದರೆ ಒಳಗೆ ಏನೋ ನಡೆಯುತ್ತಿದೆ ಎಂದು ಜನ ಅಂದುಕೊಳ್ಳುತ್ತಾರೆ."

ನಮ್ಮಲ್ಲಿ ಮಾತ್ರ ಏನೂ ನಡೆಯದಿದ್ದರೂ ಬಾಗಿಲು ಓರೆ ಮಾಡಿಯೇ ಊಟಕ್ಕೆ ಕೂರುವುದು. ದೃಷ್ಟಿಯಾಗುತ್ತದೆ ಎನ್ನುತ್ತೇವೆ. ಅವಳ ಮನೆಯ ಶೌಚಾಲಯದ ಗೋಡೆಯ ಮೇಲೆ ಒಂದು ಕ್ಯಾಲೆಂಡರು, ಅದರಲ್ಲಿ ನೆಂಟರಿಷ್ಟರ ಹುಟ್ಟುಹಬ್ಬಗಳೆಲ್ಲ ಗುರುತು. ದಿನಾ ಕಣ್ಣಿಗೆ ಬೀಳಲಿ, ಮರೆಯದಿರಲಿ ಎಂದಂತೆ. ಅಲ್ಲಿನ ಎಲ್ಲ ಮನೆಗಳಲ್ಲೂ ಹಾಗೆಯೇ ಅಂತೆ. ಪಂಚಾಂಗವನ್ನು ದೇವರ ಕೋಣೆಯಲ್ಲಿ ಇಡುವ ನನಗೆ ಅಲ್ಲಿ ಕೂತು ನಗು ತಡೆಯಲಾಗಲಿಲ್ಲ.

ಕೇಂದ್ರ

ಕೇಂದ್ರ ಇದ್ದದ್ದು ಕಾಲುವೆಯ ಪಕ್ಕದ ಹಳೆಯ ಇಟ್ಟಿಗೆ ಕಟ್ಟಡದಲ್ಲಿ. ಒಂದು ಕೋಣೆಯ ತುಂಬ ಟಿವಿಗಳು. ಯಾವ ಯಾವುದೋ ದೇಶದ ವಾರ್ತೆಗಳು ಸದ್ದಿಲ್ಲದೆ ಓಡುತ್ತಿದ್ದವು, ತರುಣ ತರುಣಿಯರು ಕಿವಿಗೆ ಹೆಡ್‌ಫೋನು ಹಾಕಿ ಟಿಪ್ಪಣಿ ಮಾಡುತ್ತಿದ್ದರು. ಇನ್ನೊಂದು ಕೋಣೆಯಲ್ಲಿ ಪತ್ರಿಕೆಗಳು, ಸರ್ಕಾರಿ ಪ್ರಕಟಣೆಗಳು, ಚುನಾವಣೆಯ ಗೋಡೆಪತ್ರಗಳು. ಯಾವ ಮಂತ್ರಿ ಯಾವ ದಿನ ಏನು ಹೇಳಿದ, ಮರುದಿನ ಅದು ಎಷ್ಟು ಬದಲಾಯಿತು ಎಂಬುದನ್ನು ಪತ್ತೆ ಹಚ್ಚುವುದೇ ಕೆಲವರ ಕೆಲಸ. ನಮ್ಮ ಕಡೆ ಇದನ್ನು ಕಟ್ಟೆಯ ಮೇಲೆ ಕೂತವರು ಸಂಬಳವಿಲ್ಲದೆ ಮಾಡುತ್ತಾರೆ.

ಕೇಂದ್ರದ ಮುಖ್ಯಸ್ಥರು ಪ್ರೊಫೆಸರ್ ಹೆಂಕ್. ಅರವತ್ತರ ಆಸುಪಾಸು, ತೆಂಗಿನಮರದಷ್ಟು ಎತ್ತರ. ವಿದ್ಯಾರ್ಥಿಗಳೂ ಅವರನ್ನು ಬರೀ ಹೆಂಕ್ ಎಂದೇ ಕರೆಯುತ್ತಿದ್ದರು. ನನ್ನ ಬಾಯಿಗೆ ಅದು ಹೊರಳಲಿಲ್ಲ, 'ಹೆಂಕ್ ಸರ್' ಎಂದೆ. ಅವರು ನಕ್ಕು ನನ್ನನ್ನು ಒಂದು ಗೋಡೆಯ ಹತ್ತಿರ ಕರೆದೊಯ್ದರು. ಅಲ್ಲಿ ಗಾಜಿನ ಚೌಕಟ್ಟಿನೊಳಗೆ, ಕೆಂಪು ಅಕ್ಷರದ ಒಂದು ಕನ್ನಡ ಕರಪತ್ರ. ಕಮ್ಮರಡಿ ಕಡೆಯ ಬಸ್ ತಂಗುದಾಣದಿಂದ ಮರೈಕೆ ಬಿಡಿಸಿ ತಂದದ್ದು. ಹಿಂದಿನ ಅಂಟು ಹಾಗೆಯೇ ಇತ್ತು.

ಆ ಕರಪತ್ರ ಅಂಟಿದ್ದ ದಿನ ನನಗೆ ನೆನಪಿದೆ. ಬಸ್ಸಿಗೆ ಕಾಯುವವರೆಲ್ಲ ಅದಕ್ಕೆ ಬೆನ್ನು ಹಾಕಿ ನಿಂತಿದ್ದರು. ಓದಿದ್ದೇವೆ ಎಂದು ಯಾರಿಗೂ ಕಾಣಬಾರದು. ಆದರೆ ಸಂಜೆಯೊಳಗೆ ಅದರ ಪ್ರತಿ ಸಾಲೂ ಊರಿಗೆ ಬಾಯಿಪಾಠ ಬಂದಿತ್ತು. ಇಲ್ಲಿ ಅದಕ್ಕೆ ದೀಪ ಬಿಟ್ಟಿದ್ದರು, ಕೆಳಗೆ ವಿವರಣೆಯಿತ್ತು, ಜನ ಕಾಫಿ ಲೋಟ ಹಿಡಿದುಕೊಂಡು ನಿಂತು ಓದುತ್ತಿದ್ದರು. ನಾನು ಅರಿವಿಲ್ಲದೆಯೇ ಅದಕ್ಕೆ ಬೆನ್ನು ಹಾಕಿ ನಿಂತೆ.

ಮಧ್ಯಾಹ್ನದ ಊಟಕ್ಕೆ ತಣ್ಣನೆ ಬ್ರೆಡ್ಡು, ತಣ್ಣನೆ ಹಾಲು. ಪ್ರೊಫೆಸರರೂ ಡಬ್ಬಿಯಲ್ಲಿ ಅದನ್ನೇ ತಂದಿದ್ದರು. ಇಷ್ಟು ದೊಡ್ಡ ವಿದ್ವಾಂಸರಿಗೆ ಮನೆಯಲ್ಲಿ ಒಂದು ಬಿಸಿ ಸಾರು ಮಾಡಿಕೊಡುವವರಿಲ್ಲವೇ ಎಂದು ಮರುಕವಾಯಿತು. ಅವರಿಗೆ ನನ್ನ ಮೇಲೆ ಮರುಕ, ಇಷ್ಟು ಚಳಿಯಲ್ಲಿ ಚಪ್ಪಲಿ ಹಾಕಿದ್ದಾಳಲ್ಲ ಎಂದು.

ಬುಧವಾರ

ವರದಿಯ ಪ್ರತಿ ನನ್ನ ಕೈಗೆ ಬಂದದ್ದು ಬುಧವಾರ ಬೆಳಿಗ್ಗೆ. ಚೆನ್ನಾಗಿ ಮಾಡಿದ್ದರು, ಅದರಲ್ಲಿ ಎರಡು ಮಾತಿಲ್ಲ. ನಮ್ಮ ಜನರನ್ನು ದಡ್ಡರೆಂದಾಗಲಿ ದೇವರೆಂದಾಗಲಿ ಚಿತ್ರಿಸಿರಲಿಲ್ಲ. ಓದುತ್ತ ಓದುತ್ತ ನನಗೆ ಹೆಮ್ಮೆಯೇ ಆಗುತ್ತಿತ್ತು. ಆಮೇಲೆ ಅತ್ತಿಗೆಯ ಮಾತು ಬಂತು. ಹಸಿದವರಿಗೆ ಇಲ್ಲ ಅನ್ನಕ್ಕೆ ಆಗ್ತದಾ ಎಂಬುದಕ್ಕೆ ನಾನೇ ಹುಡುಕಿ ಹುಡುಕಿ ಇಟ್ಟ ಇಂಗ್ಲಿಷ್ ಪದಗಳು. ಅದರ ಮೇಲೆ ದಪ್ಪ ಅಕ್ಷರದಲ್ಲಿ ಹೇಳಿದವರ ಹೆಸರು: ಲಲಿತಾ.

ಓದಿದ್ದು ತಪ್ಪಿರಬೇಕೆಂದು ಮತ್ತೆ ಓದಿದೆ. ಅತ್ತಿಗೆಯ ವಯಸ್ಸನ್ನು ತೆಗೆದಿದ್ದರು. ಗಂಡನ ಕಾಯಿಲೆಯನ್ನು ತೆಗೆದಿದ್ದರು. ಉಳಿಸಿದ್ದು ಕುಸಿದ ಮೋರಿ, ಹಳ್ಳ, ಹಳ್ಳದ ಆಚೆಯ ಎರಡು ಮನೆ.

ಮರೈಕೆಯನ್ನು ಕರೆದೆ. ಅವಳು ಖುಷಿಯಿಂದಲೇ ಬಂದಳು.

"ಈ ಹೆಸರು ಎಲ್ಲಿಂದ ಬಂತು?"

"ಚೆನ್ನಾಗಿದೆಯಲ್ಲ? ಅದಕ್ಕೊಂದು ನಿಯಮವಿದೆ. ಬದಲಿ ಹೆಸರು ಕೃತಕವಾಗಿರಬಾರದು, ಆ ಪ್ರದೇಶದಲ್ಲಿ ಎಲ್ಲೆಡೆ ಬಳಕೆಯಲ್ಲಿರಬೇಕು. ಸಾಮಾನ್ಯ ಹೆಸರುಗಳನ್ನು ಕೂಡಿಸಿ ಕಂಪ್ಯೂಟರಿನಿಂದ ಆರಿಸುತ್ತೇವೆ."

"ನನ್ನನ್ನು ಒಂದು ಮಾತು ಕೇಳಬಹುದಿತ್ತಲ್ಲ?"

"ಯಾರಿಗೆ ಯಾವ ಹೆಸರು ಕೊಟ್ಟಿದ್ದೇವೆ ಎಂಬುದು ವರದಿ ಸಿದ್ಧವಾಗುವ ತನಕ ದುಭಾಷಿಗೂ ತಿಳಿಯಬಾರದು. ಅದೂ ನಿಯಮ. ಹೇಳಿದವರ ರಕ್ಷಣೆಗೆ."

"ಮರೈಕೆ, ಕೆಳಮನೆಯ ಅಂಗಳದಲ್ಲಿ ಅಡಿಕೆ ಹರವುತ್ತಿದ್ದ ಹೆಂಗಸು ನೆನಪಿದ್ದಾಳಾ?"

"ಹೆಸರು ಕೇಳಬೇಡಿ ಎಂದವಳು? ನೆನಪಿದೆ. ನಾನು ಕೇಳಲಿಲ್ಲವಲ್ಲ."

"ಅವಳ ಹೆಸರೇ ಲಲಿತ."

ಅವಳ ಮುಖ ಸುಣ್ಣದಂತಾಯಿತು. ಪಾಪ, ಕುರ್ಚಿ ಹಿಡಿದು ಕೂತಳು. ಕೇಳಬೇಡ ಎಂದದ್ದಕ್ಕೆ ಮರ್ಯಾದೆ ಕೊಟ್ಟು ಕೇಳಲಿಲ್ಲ. ಕೇಳಿದ್ದಿದ್ದರೆ ಆ ಒಂದು ಹೆಸರನ್ನಾದರೂ ಬಿಟ್ಟು ಬೇರೆ ಆರಿಸುತ್ತಿದ್ದಳು. ಬಾಯೇ ಬಿಡದಿದ್ದವಳು ಈಗ ಎಲ್ಲವನ್ನೂ ಹೇಳಿದವಳಾಗಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು, ಆದರೆ ಯಾರ ಮೇಲೆ ಸಿಟ್ಟು ಮಾಡಬೇಕೆಂದು ಗೊತ್ತಾಗಲಿಲ್ಲ.

"ಶುಕ್ರವಾರದ ಮೊದಲು ತೆಗೆಯಬಹುದಲ್ಲ?" ಎಂದೆ.

"ಮುದ್ರಿಸಿದ್ದನ್ನು ತಡೆಯಬಹುದು," ಎಂದಳು ಮೆಲ್ಲಗೆ. "ಆದರೆ ವೆಬ್‌ಸೈಟಿನಲ್ಲಿ ಕೆಲವು ಪುಟಗಳನ್ನು ಹೋದ ವಾರವೇ ಹಾಕಿದ್ದೇವೆ. ಇದೂ ಅದರಲ್ಲಿದೆ."

ತಕ್ಷಣ ಪ್ರೊಫೆಸರರನ್ನು ನೋಡೋಣ ಎಂದೆ. ಅವರ ಕೋಣೆ ಅಲ್ಲೇ, ಬಾಗಿಲೂ ತೆರೆದಿತ್ತು. ಆದರೆ ಆ ದೇಶದಲ್ಲಿ ಸ್ವಂತ ತಾಯಿಯ ಮನೆಗೆ ಹೋಗುವುದಕ್ಕೂ ಡೈರಿಯಲ್ಲಿ ಬರೆಸಬೇಕು. ಅವರ ಸಹಾಯಕಿ ಹಾಳೆ ತಿರುವಿ ನಾಳೆ ಬೆಳಿಗ್ಗೆ ಎಂದಳು. ಮರೈಕೆ ಅವಳೊಂದಿಗೆ ಡಚ್ಚಿನಲ್ಲಿ ಜಗಳವಾಡಿದಳು. ಅವಳೂ ಜಗಳವಾಡಿ ಕೊನೆಗೆ ನಾಳೆ ಬೆಳಿಗ್ಗೆ ಎಂದೇ ಹೇಳಿದಳು. ಕೊಪ್ಪದಲ್ಲಾಗಿದ್ದರೆ ನಾನು ಬಾಗಿಲು ದೂಡಿ ಒಳಗೆ ಹೋಗಿ ಕೂರುತ್ತಿದ್ದೆ. ಪರದೇಶದಲ್ಲಿ ನನ್ನ ಬಾಯಿಗೂ ಕಾಲಿಗೂ ಅಷ್ಟು ಬಲ ಇರಲಿಲ್ಲ.

ಗುರುವಾರ

ಹೆಂಕ್ ಸರ್ ಒಳ್ಳೆಯ ಮನುಷ್ಯ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದನ್ನು ಓದಿದರೆ ಹಾಗನ್ನಿಸದೆ ಹೋಗಬಹುದು. ನಾನು ಹೇಳಿದ್ದನ್ನು ಕೊನೆಯವರೆಗೂ ಕೇಳಿದರು. ನಡುವೆ ಕೈಗಡಿಯಾರ ನೋಡಲಿಲ್ಲ. ಹೆಸರನ್ನಷ್ಟೇ ಬದಲಿಸಿದರೆ ಹಿಂದಿನದನ್ನೂ ಇಂದಿನದನ್ನೂ ಹೋಲಿಸಿ ನೋಡುವವರು ಇರುತ್ತಾರೆ, ಆದ್ದರಿಂದ ಆ ಮಾತನ್ನು ಪೂರ್ತಿ ತೆಗೆಯೋಣ ಎಂದು ಅವರೇ ಹೇಳಿದರು. ಫೋನೆತ್ತಿ ಆ ಕ್ಷಣವೇ ತೆಗೆಸಿದರು. ನಾನು ಎದ್ದು ಕೈಮುಗಿದೆ.

"ಕೂತುಕೊಳ್ಳಿ," ಎಂದರು. "ತೆಗೆದ ಜಾಗದಲ್ಲಿ ಒಂದು ಸೂಚನೆ ಹಾಕಬೇಕು."

"ಎಂಥ ಸೂಚನೆ?"

"ಏನನ್ನು ತೆಗೆದೆವು, ಯಾಕೆ ತೆಗೆದೆವು ಎಂದು."

ನನಗೆ ಮೊದಲು ಅರ್ಥವೇ ಆಗಲಿಲ್ಲ. ಆಮೇಲೆ ಅವರು ಬರೆದು ತೋರಿಸಿದರು. ಲಲಿತಾ ಎಂಬುವರ ಹೇಳಿಕೆಯನ್ನು, ಅವರ ಸುರಕ್ಷತೆಗೆ ಅಪಾಯವಿದೆ ಎಂದು ತಿಳಿದುಬಂದ ಕಾರಣ, ಹಿಂತೆಗೆದುಕೊಳ್ಳಲಾಗಿದೆ.

"ಸರ್, ಇದನ್ನು ಹಾಕಿದರೆ ಲಲಿತ ಎಂಬವಳು ನಿಜವಾಗಿಯೂ ಇದ್ದಾಳೆ, ಅವಳೇ ಹೇಳಿದ್ದಾಳೆ, ಈಗ ಹೆದರಿದ್ದಾಳೆ ಎಂದು ನೀವೇ ಸಾರಿದ ಹಾಗಲ್ಲವೇ? ಸುಮ್ಮನೆ ತೆಗೆದುಬಿಡಿ."

"ಸುಮ್ಮನೆ ತೆಗೆಯುವುದು ನಮ್ಮಿಂದಾಗದು," ಎಂದರು. "ನಾನು ಹುಡುಗನಾಗಿದ್ದಾಗ ನನ್ನ ತಂದೆ ಹೇಳುತ್ತಿದ್ದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಈ ಊರಿನ ಪತ್ರಿಕೆಗಳಿಂದ ಸುದ್ದಿಗಳು ಸದ್ದಿಲ್ಲದೆ ಮಾಯವಾಗುತ್ತಿದ್ದವಂತೆ, ಆಮೇಲೆ ಮನುಷ್ಯರೂ ಮಾಯವಾಗುತ್ತಿದ್ದರಂತೆ. ಜನರಿಗೆ ಹೇಳದೆ ಏನನ್ನೂ ತೆಗೆಯಬಾರದು ಎಂದೇ ಈ ಕೇಂದ್ರ ಹುಟ್ಟಿದ್ದು. ನಾವೇ ಹಾಗೆ ಮಾಡಿದರೆ, ಯಾವ ಸರ್ಕಾರಗಳನ್ನು ಪ್ರಶ್ನಿಸುತ್ತೇವೋ ಅವಕ್ಕೂ ನಮಗೂ ಏನು ವ್ಯತ್ಯಾಸ?"

"ವ್ಯತ್ಯಾಸ ಇದೆ ಸರ್. ನಿಮ್ಮ ಎದುರು ನಿಂತು ಬೇಡುತ್ತಿರುವವಳು ಮಂತ್ರಿಯಲ್ಲ."

ಹೆಸರನ್ನಾದರೂ ಸೂಚನೆಯಿಂದ ಬಿಡಿ ಎಂದೆ. ಯಾವ ಹೇಳಿಕೆ ಎಂದು ತಿಳಿಯುವುದು ಹೇಗೆ ಎಂದರು. ಮರೈಕೆ ನನ್ನ ಪರವಾಗಿ ವಾದಿಸಿದಳು, ದನಿ ಏರಿಸಿದಳು, ಕೊನೆಗೆ ಅತ್ತಳು. ಅವರಿಗೂ ಸುಲಭವಿರಲಿಲ್ಲ. ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ಆದರೆ ಬಗ್ಗಲಿಲ್ಲ. ಇವರೊಳಗೆ ಒಂದು ಚೂರು ಸಣ್ಣತನ ಇದ್ದಿದ್ದರೂ ನಾನು ಗೆಲ್ಲುತ್ತಿದ್ದೆ ಅನ್ನಿಸಿತು. ಸೂಚನೆ ಆ ಮಧ್ಯಾಹ್ನವೇ ವೆಬ್‌ಸೈಟಿಗೆ ಏರಿತು.

ಶುಕ್ರವಾರ

ಮರುದಿನ ಮಧ್ಯಾಹ್ನ ಮರೈಕೆಯ ಮೇಜಿನ ಫೋನಿನಿಂದ ಮನೆಗೆ ಮಾಡಿದೆ. ಊರಲ್ಲಿ ಆಗ ಸಂಜೆ. ನಮ್ಮ ಮನೆಯವರು ಎತ್ತಿದರು. ಹಲೋ ಅನ್ನುವುದಕ್ಕೂ ಮುಂಚೆ ಅವರು ಉಸಿರೆಳೆದ ರೀತಿಯಲ್ಲೇ ನನಗೆ ಗೊತ್ತಾಯಿತು.

"ಎಂತ ಮಾಡಿ ಇಟ್ರಿ ಮಾರಾಯ್ತಿ ನೀವೆಲ್ಲ ಅಲ್ಲಿ ಕೂತ್ಕಂಡು?"

"ಎಂತ ಆಯ್ತು ಹೇಳಿ."

"ಎಂತ ಆಗದು? ಬೆಂಗಳೂರು ಪೇಪರಲ್ಲಿ ಬಂದಿದೆ. ಲಲಿತ ಅಂತ ಹೆಸರು, ಎರಡು ಮನೆ, ಮುರಿದ ಮೋರಿ, ಎಲ್ಲ ಇದೆ. ಅವಳ ಜೀವಕ್ಕೆ ಅಪಾಯ ಅಂತ ಫಾರಿನ್ನಿನವರು ಪುಟ ತೆಗ್ದಿದಾರೆ ಅಂತಾನೂ ಬರ್ದಿದಾರೆ. ಬೆಳಿಗ್ಗೆನೇ ಇವರ ಜೀಪು ಬಂದು ಅವಳನ್ನ ಕರ್ಕಂಡು ಹೋಯ್ತಂತೆ."

"ಬಿಟ್ರಾ?"

"ಬಿಟ್ರು, ಈಗಷ್ಟೇ. ಸಣ್ಣ ಕೂಸು ಅಂಗಳದಲ್ಲಿ ಅಳ್ತಾ ಇತ್ತಂತೆ, ಅತ್ತಿಗೆ ಎತ್ಕಂಡು ಹೋಗಿ ಗಂಜಿ ಕುಡ್ಸಿದಾರೆ. ನಂಗೆ ಇವರ ಹೆದರಿಕೆ ಇಲ್ಲ. ಅವರೂ ಪೇಪರು ಓದ್ತಾರೆ. ಅದೇ ಹೆದರಿಕೆ."

ಫೋನಿಟ್ಟ ಮೇಲೆ ನಾನು ಕಿಟಕಿಯ ಹತ್ತಿರ ನಿಂತೆ. ಕೆಳಗೆ ಕಾಲುವೆಯ ದಂಡೆಯಲ್ಲಿ ಹೆಂಗಸೊಬ್ಬಳು ಸೈಕಲ್ಲಿನ ಮುಂದಿನ ಬುಟ್ಟಿಯಲ್ಲಿ ಮಗುವನ್ನು ಕೂರಿಸಿಕೊಂಡು ಹಾಡುತ್ತ ಹೋಗುತ್ತಿದ್ದಳು. ಅವಳನ್ನು ನೋಡಿ ನನಗೆ ಹೊಟ್ಟೆಕಿಚ್ಚಾಯಿತು. ಅಂಥ ಹೊಟ್ಟೆಕಿಚ್ಚು ಅದರ ಹಿಂದೆಯೂ ಮುಂದೆಯೂ ನನಗೆ ಆಗಿಲ್ಲ.

ಸಂಜೆ ಸಭೆ. ಸಾಸಿವೆ ವಾಸನೆಯ ರೇಷ್ಮೆ ಸೀರೆ ಉಟ್ಟು ವೇದಿಕೆ ಹತ್ತಿದೆ. ಕಾರ್ಯಕ್ರಮದ ಹಾಳೆಯಲ್ಲಿ ಮಲೆನಾಡಿನ ಹೆಂಗಸಿನ ಮಾತು ಎಂದು ಮೊದಲೇ ಅಚ್ಚಾಗಿತ್ತು. ಬದಲಿಗೆ ಬೇರೆ ಏನಾದರೂ ಓದಿ ಎಂದು ಮರೈಕೆ ಕೇಳಿಕೊಂಡಿದ್ದಳು. ನಾನು ಮೈಕಿನ ಮುಂದೆ ನಿಂತು, ಇಂಗ್ಲಿಷಿನಲ್ಲಿ, "ನಾನು ಏನನ್ನೂ ಓದುವುದಿಲ್ಲ" ಎಂದೆ. ಇನ್ನೂ ಹೇಳಬೇಕೆಂದಿದ್ದೆ. ಆಗಲಿಲ್ಲ. ಹಾಗೇ ನಿಂತುಬಿಟ್ಟೆ.

ಆ ಜನ ಕಾದರು. ಆಮೇಲೆ ಒಬ್ಬರು ಚಪ್ಪಾಳೆ ತಟ್ಟಿದರು, ಇನ್ನೊಬ್ಬರು ತಟ್ಟಿದರು, ಇಡೀ ಸಭೆ ಎದ್ದು ನಿಂತು ತಟ್ಟಿತು. ಬಾಯಿ ಕಟ್ಟಿದ ಜನರ ಮೌನವನ್ನು ನಾನು ಅಭಿನಯಿಸಿ ತೋರಿಸಿದೆ ಎಂದು ಅವರು ತಿಳಿದಿದ್ದರು. ಆಮೇಲೆ ವೈನ್ ಲೋಟ ಹಿಡಿದ ಹೆಂಗಸೊಬ್ಬಳು ಬಂದು, ಇಷ್ಟು ಮನ ಕಲಕುವ ಭಾಷಣ ಕೇಳಿರಲಿಲ್ಲ ಎಂದಳು. ಥ್ಯಾಂಕ್ಸ್ ಎಂದೆ. ಬೇರೆ ಎಂತ ಹೇಳುವುದು?

ಬಾಳೆಹೊನ್ನೂರಿನ ಮೇಲೆ ಹಾದು ನರಸಿಂಹರಾಜಪುರ

ನಾನು ಊರು ಮುಟ್ಟುವಷ್ಟರಲ್ಲಿ ಬಸ್ ತಂಗುದಾಣದ ಗೋಡೆಗೆ ಹೊಸ ಕಾಗದ ಬಿದ್ದಿತ್ತು. ಮಾಹಿತಿದಾರಳಿಗೆ ಎಚ್ಚರಿಕೆ ಎಂದು, ಕೆಳಗೆ ಲಲಿತಳ ಹೆಸರು. ನಿಜವಾಗಿ ಕಾಡಿನವರು ಹಾಕಿದ್ದೋ, ಊರಿನಲ್ಲೇ ಯಾರೋ ಹಳೇ ದ್ವೇಷಕ್ಕೆ ಹಾಕಿದ್ದೋ ಇವತ್ತಿಗೂ ಗೊತ್ತಿಲ್ಲ. ಲಲಿತಳ ಗಂಡ ಅದನ್ನು ನೋಡಿದವನೇ ಜೀಪು ತಂದು ಹೆಂಡತಿ ಮಗಳನ್ನು ನರಸಿಂಹರಾಜಪುರದ ಆಚೆ ಅವಳ ತವರಿಗೆ ಸಾಗಿಸಿದ. ಕೊಯ್ದ ಅಡಿಕೆ ಅಂಗಳದಲ್ಲೇ ಉಳಿಯಿತು. ಸುಶೀಲತ್ತಿಗೆ ಅದನ್ನು ಒಣಗಿಸಿ ಒಳಗೆ ಇಟ್ಟರಂತೆ.

ಅಷ್ಟರಲ್ಲಿ ಮರೈಕೆಯ ಫೋನು ಬಂತು. ದನಿಯಲ್ಲಿ ಸ್ವಲ್ಪ ಜೀವ ಇತ್ತು. ಹೆಂಕ್ ಸರ್ ಒಂದು ತಿದ್ದುಪಡಿ ಪ್ರಕಟಿಸಲು ಒಪ್ಪಿದ್ದಾರೆ, ಬೆಂಗಳೂರಿನ ಪತ್ರಿಕೆಗೂ ಕಳಿಸುತ್ತಾರೆ. ಲಲಿತಾ ಎಂಬುದು ಕಲ್ಪಿತ ಹೆಸರು, ಆ ಸ್ಥಳದಲ್ಲಿ ಅದೇ ಹೆಸರಿನವರು ಇದ್ದರೆ ಅವರಿಗೂ ಈ ಹೇಳಿಕೆಗೂ ಸಂಬಂಧವಿಲ್ಲ, ಹೇಳಿದವರು ಬೇರೆ ಮಹಿಳೆ. ಹೆಸರಿನ ಮಾತಾದ್ದರಿಂದ ಲಲಿತಳ ಒಪ್ಪಿಗೆ ಬೇಕು.

ನನಗೆ ಎಷ್ಟೋ ದಿನದ ಮೇಲೆ ಅನ್ನ ಸೇರಿತು. ಕೊನೆಗೂ ಕೈಯಲ್ಲಿ ಹಿಡಿದು ಹೋಗಲು ಏನಾದರೂ ಒಂದು ಸಿಕ್ಕಿತಲ್ಲ ಎಂದು ಮರುದಿನವೇ ಬಸ್ಸು ಹತ್ತಿದೆ. ಬಾಳೆಹೊನ್ನೂರಿನಲ್ಲಿ ಬಸ್ಸು ಬದಲಿಸಿ, ನರಸಿಂಹರಾಜಪುರ ದಾಟಿ ಇಳಿದು, ಕೇಳುತ್ತ ಕೇಳುತ್ತ ಹೋದೆ. ಲಲಿತ ಹೊರಗೆ ಬಟ್ಟೆ ಹಿಂಡುತ್ತಿದ್ದಳು. ನನ್ನನ್ನು ನೋಡಿ ನಗಲಿಲ್ಲ. ಕೈ ಒರೆಸಿಕೊಂಡು ಒಳಗೆ ಕರೆದಳು. ಮಣೆ ಕೊಟ್ಟಳು. ನಾನು ತಿದ್ದುಪಡಿಯನ್ನು ಕನ್ನಡದಲ್ಲಿ ಹೇಳಿದೆ. ಅವಳು ಪೂರ್ತಿ ಕೇಳಿದಳು.

"ಇದು ಪೇಪರಲ್ಲಿ ಬಂದ್ರೆ ಎಂತ ಆಗ್ತದೆ ಮೇಡಂ?"

"ನೀನಲ್ಲ ಅಂತ ಎಲ್ಲರಿಗೂ ಗೊತ್ತಾಗ್ತದೆ."

"ನಾನಲ್ಲ ಅಂತ ಆದ್ರೆ ಮತ್ತೆ ಯಾರು?"

ಬರುವ ಬಸ್ಸಿನಲ್ಲಿ ಅಷ್ಟು ಹೊತ್ತು ಕೂತು ನಾನು ಇದನ್ನು ಯೋಚಿಸಿಯೇ ಇರಲಿಲ್ಲ.

"ಅಲ್ಲಿ ಇರದು ಎರಡು ಮನೆ," ಎಂದಳು ಲಲಿತ. "ಸ್ಟೇಷನ್ನಲ್ಲೂ ಇದನ್ನೇ ಕೇಳಿದ್ರು. ನಾನಲ್ಲ ಸ್ವಾಮಿ ಅಂದೆ. ಹಂಗಾದ್ರೆ ಯಾರು ಹೇಳು ಅಂದ್ರು. ಆಗ ನಂಗೆ ಅರ್ಥ ಆಯ್ತು. ಹೌದು, ನಾನೇ ಅಂದೆ."

"ನೀನೇ ಅಂದ್ಯಾ?"

"ಮತ್ತೆ ಎಂತ ಅನ್ನದು? ಭಾವನೋರು ಮಲಗಿದಲ್ಲಿಂದ ಏಳಲ್ಲ. ಅವರನ್ನ ಹೊತ್ಕಂಡು ಅತ್ತಿಗೆ ಎಲ್ಲಿಗೆ ಓಡ್ತಾರೆ? ನಂಗೆ ಕಾಲಿದೆ, ಅಮ್ಮನ ಮನೆ ಇದೆ. ಬಂದೆ."

ಒಳಗೆ ಅವಳ ಅಮ್ಮ ಕಾಫಿಗೆ ನೀರಿಡುವ ಸದ್ದು ಕೇಳುತ್ತಿತ್ತು. ನನಗೆ ಅಳು ಬಂತು. ಅವಳಿಗೆ ಬರಲಿಲ್ಲ.

"ಸಿಟ್ಟಿಲ್ವಾ ನಿಂಗೆ?"

"ಇಲ್ಲದೆ ಎಂತ? ಅತ್ತಿಗೆ ಮೇಲೂ ಇದೆ, ನಿಮ್ಮ ಮೇಲೂ ಇದೆ, ಆ ಬಿಳಿ ಹುಡುಗಿ ಮೇಲೂ ಇದೆ. ಅತ್ತಿಗೆ ಇಲ್ಲಿಗೆ ಬರ್ತೀನಿ ಅಂದ್ರೆ ಕರ್ಕಂಡು ಬರಬೇಡಿ. ಅವರ ಮುಖ ನೋಡಿದ್ರೆ ನಂಗೆ ತಡ್ಯಕ್ಕೆ ಆಗಲ್ಲ, ಎಂತಾದ್ರೂ ಹೇಳಿಬಿಡ್ತೀನಿ. ಇನ್ನು ನೀವು ಕಾಫಿ ಕುಡ್ದು ಹೊರಡಿ. ಆಮೇಲೆ ಬಸ್ಸಿಲ್ಲ."

ಕಾಫಿ ಕುಡಿದೆ. ಕೊನೆಯ ಬಸ್ಸು ಹಿಡಿದೆ.

ಕೊಪ್ಪಕ್ಕೆ ಬಂದು ಸೈಬರ್ ಅಂಗಡಿಯಲ್ಲಿ ಕೂತು ಮರೈಕೆಗೆ ಎರಡು ಸಾಲು ಬರೆದೆ. ತಿದ್ದುಪಡಿ ಬೇಡ, ಈಗಿರುವುದು ಹಾಗೇ ಇರಲಿ ಎಂದು. ಯಾಕೆ ಎಂದು ಅವಳು ಮತ್ತೆ ಮತ್ತೆ ಕೇಳಿದಳು, ಹೆಂಕ್ ಸರ್ ತಾವೇ ಬರೆದು ಕೇಳಿದರು. ನಾನು ಉತ್ತರ ಕೊಡಲಿಲ್ಲ. ಕೊಟ್ಟಿದ್ದರೆ ಅದನ್ನೂ ಅವರು ಆ ಸೂಚನೆಯ ಕೆಳಗೆ ಸೇರಿಸುತ್ತಿದ್ದರು.